ಕೆರೆ ಹೂಳಿನಲ್ಲಿ ಸಿಕ್ಕ ವೀರಗಲ್ಲು: ಪೇಪರಲ್ಲಿ ಬಂದ ಮೇಲೆ ಏನಾಯ್ತು?

ಕೆರೆಯೇರಿ, ಮುಳಬಾಗಿಲು ತಾಲ್ಲೂಕು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾಲ್ಕು ವರ್ಷದ ಹಿಂದೆ ನಮ್ಮೂರ ಕೆರೆಯ ಹೂಳು ತೆಗೆಸಿದರು. ತೂಬಿನ ಹತ್ತಿರ ಜೆಸಿಬಿ ಬಕೆಟ್ಟಿಗೆ ಒಂದು ಕಲ್ಲು ತಾಗಿತು. ಏರಿ ಮೇಲೆ ಮಲಗಿಸಿ, ನಾಲ್ಕು ಬಿಂದಿಗೆ ನೀರು ಹಾಕಿ ತೊಳೆದರೆ ವೀರಗಲ್ಲು! ಕೆಳಗಿನ ಪಟ್ಟಿಯಲ್ಲಿ ಒಬ್ಬ ಬಿಲ್ಲು ಹಿಡಿದು ನಿಂತಿದ್ದಾನೆ, ಅವನ ಹಿಂದೆ ಎರಡು ಹಸು. ಮಧ್ಯದ ಪಟ್ಟಿಯಲ್ಲಿ ಇಬ್ಬರು ಹೆಂಗಸರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲಿನದರಲ್ಲಿ ಲಿಂಗದ ಮುಂದೆ ಕೈ ಮುಗಿದು ಕೂತಿದ್ದಾನೆ. ಪಟ್ಟಿಗಳ ನಡುವೆ ಮೂರು ಸಾಲು ಅಕ್ಷರ.

ಎರಡು ದಿನಕ್ಕೆ ಪೇಪರಲ್ಲಿ ಬಂತು. ‘ಸಾವಿರ ವರ್ಷದ ಶಾಸನ ಪತ್ತೆ’ ಅಂತ ಹೆಡ್ಡಿಂಗು. ಒಂದು ವಾರ ಜನ ಬಂದರು. ಹೂವು ಹಾಕಿದರು, ಫೋಟೊ ತೆಗೆದುಕೊಂಡರು. ಬಂದವರಿಗೆಲ್ಲ ನಮ್ಮಪ್ಪ ಟೀ ಕೊಡಿಸಿದರು. ಆ ಪೇಪರಿನ ತುಂಡು ಈಗಲೂ ನಮ್ಮ ಬೀರುವಿನ ಬಾಗಿಲಿನ ಒಳಗಡೆ ಅಂಟಿಸಿದೆ. ‘ಮ್ಯೂಸಿಯಂಗೆ ತೆಗೆದುಕೊಂಡು ಹೋಗುತ್ತಾರಂತೆ’ ಅಂತ ಯಾರೋ ಅಂದರು. ಯಾರೂ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ನಾವೂ ಕೇಳಲಿಲ್ಲ.

ಹೋದ ತಿಂಗಳು ಹಬ್ಬಕ್ಕೆ ಊರಿಗೆ ಹೋದೆ. ಏರಿ ಮೇಲೆ ಕಲ್ಲಿಲ್ಲ. ವಿಚಾರಿಸಿದರೆ, ಕಾಲುವೆಗೆ ಮೋರಿ ಕಟ್ಟುವಾಗ ಕೆಲಸದವರಿಗೆ ಚಪ್ಪಡಿ ಸಾಲದೆ ಬಂತಂತೆ. ಸಮ್ಮಟಿಗೆಯಲ್ಲಿ ಒಡೆದು ಎರಡು ಮಾಡಿ ಹಾಸಿಬಿಟ್ಟಿದ್ದಾರೆ. ಮೇಲಿನ ಅರ್ಧ ಮುಖ ಮೇಲಾಗಿ ಬಿದ್ದಿದೆ. ಲಿಂಗ ಕಾಣುತ್ತದೆ, ಅದರ ಮೇಲೆ ಟ್ರ್ಯಾಕ್ಟರ್ ಚಕ್ರದ ಗುರುತು. ಕೆಳಗಿನ ಅರ್ಧ ಎಲ್ಲಿದೆ ಗೊತ್ತಾಗಲಿಲ್ಲ.

ಕಂಟ್ರಾಕ್ಟರ್ ಯಾರು, ಕೆಲಸ ಯಾರದು ಅಂತ ಬರೆಯುವುದಿಲ್ಲ. ನನಗೆ ಸಿಟ್ಟು ಅವರ ಮೇಲಲ್ಲ. ನಾಲ್ಕು ವರ್ಷದಲ್ಲಿ ಹತ್ತು ಸಲವಾದರೂ ಊರಿಗೆ ಹೋಗಿದ್ದೇನೆ. ಪ್ರತಿ ಸಲ ಆ ಕಲ್ಲನ್ನು ನೋಡಿದ್ದೇನೆ. ನಾಲ್ಕು ಜನರನ್ನು ಸೇರಿಸಿ ಎತ್ತಿ ನಿಲ್ಲಿಸೋಣ ಅಂತ ಒಂದು ಸಲವೂ ನನಗೆ ಅನಿಸಲಿಲ್ಲ. ಅದನ್ನು ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ನಿಮ್ಮ ಕಡೆಯೂ ಹೀಗೆ ಕಲ್ಲು ಸಿಕ್ಕಿರುತ್ತದೆ, ಸುದ್ದಿ ಆಗಿರುತ್ತದೆ. ಆಮೇಲೆ ಏನು ಮಾಡಿದಿರಿ? ನಿಜವಾಗಿ ತಿಳಿದುಕೊಳ್ಳಲು ಕೇಳುತ್ತಿದ್ದೇನೆ.

ತಿಪಟೂರು ಮೇಷ್ಟ್ರು:

ಓದಿ ತುಂಬಾ ಬೇಸರವಾಯಿತಪ್ಪ. ಆದರೆ ಒಡೆದ ಕಲ್ಲು ಹೋದ ಕಲ್ಲಲ್ಲ. ಮೊದಲು ಇನ್ನರ್ಧ ಹುಡುಕು.

ಇನ್ನೊಂದು ಮಾತು. ‘ಪತ್ತೆ’ ಅನ್ನುವ ಮೊದಲು ಹಳೆಯ ಪುಸ್ತಕ ನೋಡುವ ಅಭ್ಯಾಸ ಬೆಳೆಸಿಕೊಳ್ಳಬೇಕು. ಬ್ರಿಟಿಷರ ಕಾಲದ ಶಾಸನ ತಜ್ಞ ಬಿ.ಎಲ್. ರೈಸ್ ಊರೂರು ಸುತ್ತಿಸಿ ಶಾಸನಗಳ ಪ್ರತಿ ಮಾಡಿಸಿ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳನ್ನು ತಂದರು. 10ನೇ ಸಂಪುಟ ಕೋಲಾರ ಜಿಲ್ಲೆಯದು, 1905ರಲ್ಲಿ ಬಂತು. ಆಗ ಚಿಕ್ಕಬಳ್ಳಾಪುರವೂ ಕೋಲಾರಕ್ಕೇ ಸೇರಿತ್ತು. ಜಿಲ್ಲೆ ಬೇರೆಯಾದದ್ದು 2007ರಲ್ಲಿ ತಾನೆ. ನಮ್ಮ ತುಮಕೂರಿನದು 12ನೇ ಸಂಪುಟ, 1904. ತಾಲ್ಲೂಕು ಪ್ರಕಾರ ನಂಬರ್ ಹಾಕಿ, ಕಲ್ಲು ಯಾವ ಊರಲ್ಲಿ, ಊರಿನ ಯಾವ ಜಾಗದಲ್ಲಿ ಇತ್ತು ಅಂತ ಬರೆದಿದ್ದಾರೆ. ಬಂಗಾರಪೇಟೆ ಹುಡುಕುವವರು ಬೌರಿಂಗ್‌ಪೇಟೆ ಅಂತ ನೋಡಿ, ಆಗ ಅದೇ ಹೆಸರು.

ಪೇಪರಲ್ಲಿ ‘ಹೊಸದಾಗಿ ಪತ್ತೆ’ ಅಂತ ಬಂದದ್ದು ಎಷ್ಟೋ ಸಲ ಆ ಪುಸ್ತಕದಲ್ಲಿ ನೂರು ವರ್ಷದ ಹಿಂದೆಯೇ ಅಚ್ಚಾಗಿರುತ್ತದೆ. ಅದು ಬೇಸರದ ವಿಷಯ ಅಲ್ಲ, ಒಳ್ಳೆಯದೇ. ಕಲ್ಲು ಮುರಿದರೂ ಪಾಠ ಉಳಿದಿರುತ್ತದೆ. ನಿನ್ನ ಕಲ್ಲು ಹೂಳಿನ ಅಡಿಯಲ್ಲಿದ್ದದ್ದು, ಹಾಗಾಗಿ ಅವರ ಕಣ್ಣಿಗೆ ಬಿದ್ದಿರುವುದು ಕಷ್ಟ. ಆದರೂ ನಿಮ್ಮೂರ ಹೆಸರು ಇದೆಯಾ ನೋಡು.

ಫೋಟೊ ತೆಗೆದಿದ್ದರೆ ಕಳಿಸು. ಮುಂದೆ ತೆಗೆಯುವವರಿಗೂ ಒಂದು ಉಪಾಯ ಹೇಳುತ್ತೇನೆ. ಹಗಲು ಬಿಸಿಲಲ್ಲಿ ತೆಗೆಯಬೇಡಿ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕದಿಂದ ಅಡ್ಡಕ್ಕೆ ಹಿಡಿಯಿರಿ. ಅಕ್ಷರದ ಗುಳಿಯಲ್ಲಿ ನೆರಳು ಕೂರುತ್ತದೆ, ಸವೆದದ್ದೂ ಎದ್ದು ಕಾಣುತ್ತದೆ. ಬಣ್ಣ ಬಳಿಯಬೇಡಿ, ತಂತಿ ಬ್ರಷ್ ಹಾಕಬೇಡಿ. ಎಣ್ಣೆಯಂತೂ ಬೇಡವೇ ಬೇಡ. ಎಣ್ಣೆ, ಕುಂಕುಮ, ಧೂಳು ಸೇರಿ ಅಕ್ಷರದೊಳಗೆ ಗಟ್ಟಿಯಾಗಿ ಕೂತರೆ ಓದುವುದು ಅಸಾಧ್ಯ. ಪೂಜೆ ಮಾಡಿಯೇ ಹಾಳು ಮಾಡಿದ ಕಲ್ಲುಗಳನ್ನು ನಾನು ಎಷ್ಟು ನೋಡಿದ್ದೇನೋ.

ಹುಣಸೆತೋಪು, ಚಿಂತಾಮಣಿ:

ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಕೊನೇ ಮಾತು ನಾನು ಒಪ್ಪಲ್ಲ.

ನಾನು ಈ ಊರಿಗೆ ಸೊಸೆಯಾಗಿ ಬಂದಾಗ ನಮ್ಮ ಬೀದಿಯ ಮೂಲೆಯಲ್ಲಿ ಒಂದು ವೀರಗಲ್ಲು ಇತ್ತು. ಅದನ್ನು ಶಾಸನ ಅಂತ ಯಾರೂ ಅನ್ನುತ್ತಿರಲಿಲ್ಲ. ವೀರಗಾರಪ್ಪ ಅಂತ ಅನ್ನುತ್ತಿದ್ದರು. ನಮ್ಮತ್ತೆ ಮನೆಯಲ್ಲಿ ತೆಲುಗು ಮಾತಾಡುತ್ತಾರೆ, ಕಲ್ಲಿನ ಮೇಲಿರುವುದು ಹಳೆಗನ್ನಡ. ಅವರಿಗೆ ಅದರಲ್ಲಿ ಒಂದು ಅಕ್ಷರವೂ ಬರುವುದಿಲ್ಲ. ಆದರೂ ಊರಹಬ್ಬಕ್ಕೆ ಮೊದಲ ತಂಬಿಟ್ಟಿನಾರತಿ ಅವನಿಗೇ. ಮಗುವಿಗೆ ಜ್ವರ ಬಂದರೆ ಅವನ ಮುಂದೆ ದೀಪ.

ರಸ್ತೆ ಅಗಲ ಮಾಡುವಾಗ ಆ ಕಲ್ಲು ಕಿತ್ತು ಪಕ್ಕಕ್ಕೆ ಹಾಕುತ್ತೇವೆ ಅಂತ ಬಂದರು. ನಮ್ಮತ್ತೆ ಮತ್ತೆ ಆರೇಳು ಜನ ವಯಸ್ಸಾದ ಹೆಂಗಸರು ಕಲ್ಲಿನ ಸುತ್ತ ಕೂತುಬಿಟ್ಟರು. ಕೂಗಾಡಲಿಲ್ಲ. ಸುಮ್ನೆ ಕೂತಿದ್ದರು, ಮಧ್ಯಾಹ್ನದ ಊಟವೂ ಅಲ್ಲೇ. ಕೊನೆಗೆ ಚರಂಡಿಯನ್ನೇ ಸ್ವಲ್ಪ ತಿರುಗಿಸಿ ಕಟ್ಟಿದರು. ಇವತ್ತಿಗೂ ಅಲ್ಲಿ ಸೊಟ್ಟಗಿದೆ, ಬಂದರೆ ತೋರಿಸುತ್ತೇನೆ.

ಎಣ್ಣೆ ಹಚ್ಚದೆ ಇದ್ದಿದ್ದರೆ ಆ ಕಲ್ಲು ಇವತ್ತು ಯಾವ ಮೋರಿಯ ಕೆಳಗಿರುತ್ತಿತ್ತೋ! ಕೆರೆಯೇರಿ ತಮ್ಮನ ಊರಿನ ಕಲ್ಲಿಗೆ ಹಾಗೆ ಸುತ್ತ ಕೂರುವವರು ಇರಲಿಲ್ಲ, ಅಷ್ಟೇ. ಅದು ನೂರಾರು ವರ್ಷ ನೀರಿನಲ್ಲಿತ್ತು. ಊರಿನವರಿಗೆ ಪರಿಚಯ ಆಗುವಷ್ಟರಲ್ಲಿ ಚಪ್ಪಡಿ ಆಯಿತು.

ಮಧುಗಿರಿ ಬೆಟ್ಟ:

ಅಕ್ಕ ಹೇಳಿದ್ದು ನಿಜ. ನಮ್ಮ ಕಡೆ ತೊಂದರೆ ಇನ್ನೊಂದು ಥರ. ನಿಧಿ ಆಸೆ. ಅಮಾವಾಸ್ಯೆ ರಾತ್ರಿ ಬಂದು ವೀರಗಲ್ಲಿನ ಬುಡ ಅಗೆಯುತ್ತಾರೆ. ಬೆಳಿಗ್ಗೆ ನೋಡಿದರೆ ನಿಂಬೆಹಣ್ಣು, ಕುಂಕುಮ, ಆಳೆತ್ತರದ ಗುಂಡಿ, ಬೋರಲು ಬಿದ್ದ ಕಲ್ಲು. ನಮ್ಮ ಹೊಲದ ಪಕ್ಕದ ಮಾಸ್ತಿಕಲ್ಲನ್ನು, ಅಂದರೆ ಸತಿ ಹೋದವಳ ನೆನಪಿನ ಕಲ್ಲನ್ನು, ಹಾಗೇ ಎರಡು ಸಲ ಕೆಡವಿದ್ದಾರೆ. ಎರಡು ಸಲವೂ ನಾವೇ ನಿಲ್ಲಿಸಿದ್ದೇವೆ.

ಮೇಷ್ಟ್ರೇ, ನೀವೇ ಎಲ್ಲರಿಗೂ ಅರ್ಥ ಆಗುವ ಹಾಗೆ ಬರೆಯಿರಿ. ಅದರ ಕೆಳಗೆ ಏನೂ ಇರುವುದಿಲ್ಲ ಅಂತ.

ತಿಪಟೂರು ಮೇಷ್ಟ್ರು:

ಬರೆಯುತ್ತೇನೆ. ಅದಕ್ಕೂ ಮೊದಲು ಚಿಂತಾಮಣಿ ತಂಗಿಗೆ ಉತ್ತರ ಕೊಡಬೇಕು. ನೀವು ಹೇಳಿದ್ದು ಸರಿ ತಾಯಿ. ನಾನು ಓದುವವನ ಕಷ್ಟ ಮಾತ್ರ ನೋಡಿದೆ. ಕಲ್ಲು ಉಳಿದರೆ ತಾನೆ ಓದುವುದು. ಒಂದೇ ಒಂದು ಕೋರಿಕೆ. ಎಣ್ಣೆ, ಅರಿಶಿನವನ್ನು ಚಿತ್ರದ ಪಾದದ ಕಡೆ ಹಚ್ಚಿ, ಅಕ್ಷರದ ಪಟ್ಟಿಯನ್ನು ಬಿಡಲು ಆಗುತ್ತದಾ, ಅತ್ತೆಯವರನ್ನು ಕೇಳಿ ನೋಡಿ.

ಈಗ ನಿಧಿ ವಿಷಯ. ವೀರಗಲ್ಲು ಅಂದರೆ ಸತ್ತವನ ನೆನಪಿಗೆ ಊರು ನಿಲ್ಲಿಸಿದ ಕಲ್ಲು. ಹೆಚ್ಚಿನವು ದನದ ಜಗಳದವು. ಶಾಸನದಲ್ಲಿ ‘ತುಱುಗೊಳ್’ ಅಂತ ಬರುತ್ತದೆ, ತುರು ಅಂದರೆ ಹಸು. ಪಕ್ಕದ ನಾಡಿನವರು ಬಂದು ದನ ಹೊಡೆದುಕೊಂಡು ಹೋಗುತ್ತಿದ್ದರು. ಊರಿನ ಗಂಡಸು ಬೆನ್ನಟ್ಟಿ ಹೋಗಿ ದನ ಬಿಡಿಸಿ ಸಾಯುತ್ತಿದ್ದ. ‘ಊರಳಿವು’ ಅಂತಲೂ ಇರುತ್ತದೆ, ಊರಿನ ಮೇಲೇ ದಾಳಿ ಆದಾಗ ಸತ್ತವರು. ‘ಪೆಣ್ಬುಯ್ಯಲ್’ ಅಂದರೆ ಹೆಣ್ಣುಮಕ್ಕಳನ್ನು ಕಾಪಾಡಲು ಹೋಗಿ ಸತ್ತವರು. ಸತ್ತವನ ಮನೆಯವರಿಗೆ ಹೊಲ ಕೊಡುತ್ತಿದ್ದರು. ಅದಕ್ಕೆ ‘ನೆತ್ತರುಕೊಡಗೆ’ ಅಂತ ಹೆಸರು, ‘ಕಲ್ನಾಡು’ ಅಂತಲೂ ಇದೆ. ಕೊಡುವುದನ್ನೆಲ್ಲ ಭೂಮಿಯ ರೂಪದಲ್ಲಿ ಹೆಂಡತಿ ಮಕ್ಕಳಿಗೆ ಕೊಟ್ಟಾಯಿತು. ಕಲ್ಲಿನ ಕೆಳಗೆ ಚಿನ್ನ ಯಾರು ಇಡುತ್ತಾರೆ? ಮಣ್ಣು ಮಾತ್ರ.

ಹಾಗೆ ಅಗೆಯುವುದು ಅಪರಾಧವೂ ಹೌದು. ರಾಜ್ಯದಲ್ಲಿ ಸ್ಮಾರಕಗಳಿಗೆ 1961ರ ಕಾಯ್ದೆ ಇದೆ, ನಿಧಿಗೇ ಅಂತ 1962ರ ಕಾಯ್ದೆ ಬೇರೆ ಇದೆ. ನೆಲದಲ್ಲಿ ಏನಾದರೂ ಸಿಕ್ಕರೆ ಸರ್ಕಾರಕ್ಕೆ ತಿಳಿಸಲೇಬೇಕು.

ಕೋಲಾರದವರಿಗೆ ಒಂದು ಮಾತು. ಗಂಗರು ಮೊದಲು ಆಳಿದ್ದು ನಿಮ್ಮೂರಿನಿಂದ. ಆಗ ಅದರ ಹೆಸರು ಕುವಲಾಲಪುರ. ತಲಕಾಡಿಗೆ ಹೋದದ್ದು ಆಮೇಲೆ. ತಲಕಾಡಿಗೆ ಹೋದ ಮೇಲೂ ಅವರು ‘ಕುವಲಾಲಪುರವರೇಶ್ವರ’ ಅನ್ನುವ ಬಿರುದು ಬಿಡಲಿಲ್ಲ. ಕೋಲಾರಮ್ಮನ ಗುಡಿಯಲ್ಲಿ ಚೋಳರ ಕಾಲದ ತಮಿಳು ಶಾಸನಗಳಿವೆ. ಆವಣಿಯಲ್ಲಿ ನೊಳಂಬರ ಕಾಲದ ಗುಡಿಗಳಿವೆ. ನಂದಿಯ ಭೋಗನಂದೀಶ್ವರದ ಬಗ್ಗೆ 806ರಷ್ಟು ಹಿಂದಿನ ದಾಖಲೆ ಇದೆ. ಇಷ್ಟು ರಾಜರು ಒಬ್ಬರ ಮೇಲೊಬ್ಬರು ಬಂದ ನೆಲದಲ್ಲಿ ಗಡಿ ಜಗಳ ಎಷ್ಟು ನಡೆದಿರಬೇಡ! ಅದಕ್ಕೇ ನಿಮ್ಮಲ್ಲಿ ವೀರಗಲ್ಲು ಅಷ್ಟು ಜಾಸ್ತಿ.

ಹಳದಿ ಗಾಡಿ, ಮಾಲೂರು:

ನಾನು ಜೆಸಿಬಿ ಆಪರೇಟರ್. ಹನ್ನೊಂದು ವರ್ಷದಿಂದ ಇದೇ ಕೆಲಸ. ಇಲ್ಲಿ ಮಾತಾಡಬಹುದಾ ಅಂತ ಯೋಚಿಸುತ್ತಿದ್ದೆ.

ಹೂಳು ತೆಗೆಯುವ ಕೆಲಸದಲ್ಲಿ ನಮಗೆ ಗಂಟೆ ಲೆಕ್ಕ. ಕಲ್ಲು ಸಿಕ್ಕಿದರೆ ನಿಲ್ಲಿಸಿ ನೋಡುವಷ್ಟು ಹೊತ್ತು ಯಾರೂ ಕೊಡುವುದಿಲ್ಲ. ಒಂದು ಕೆರೆಯಲ್ಲಿ ಚಿತ್ರ ಇರುವ ಕಲ್ಲು ಬಂತು. ಸರಪಳಿ ಕಟ್ಟಿ ಎಳೆದೆ. ಮೇಲೆ ಬಂದಾಗ ನೋಡಿದರೆ ಚಿತ್ರದ ಮುಖದ ಮೇಲೆ ಸರಪಳಿ ಉಜ್ಜಿದ ಗೆರೆ ಬಿದ್ದಿತ್ತು. ಒಬ್ಬ ಮನುಷ್ಯನ ಮುಖ. ಆವತ್ತು ಊಟ ಸೇರಲಿಲ್ಲ ನನಗೆ.

ಆಮೇಲಿಂದ ಗಾಡಿಯಲ್ಲಿ ಅಗಲದ ಬೆಲ್ಟ್ ಮತ್ತೆ ನಾಲ್ಕು ಗೋಣಿಚೀಲ ಇಟ್ಟುಕೊಂಡಿದ್ದೇನೆ. ಕಲ್ಲಿನ ಸುತ್ತ ಮೊದಲು ಕೈಯಲ್ಲಿ ಮಣ್ಣು ಬಿಡಿಸಬೇಕು. ಗೋಣಿ ಸುತ್ತಿ ಬೆಲ್ಟ್ ಹಾಕಿ ನಿಧಾನಕ್ಕೆ ಎತ್ತಬೇಕು. ಬಕೆಟ್ಟಿನ ಹಲ್ಲು ತಾಗಲೇಬಾರದು. ಅರ್ಧ ಗಂಟೆ ಹಿಡಿಯುತ್ತದೆ, ಅಷ್ಟೇ.

ಎಲ್ಲಿ ಸಿಗುತ್ತದೆ ಅನ್ನುವುದೂ ನಮಗೆ ಅಂದಾಜಿರುತ್ತದೆ. ತೂಬಿನ ಹತ್ತಿರ, ಕೋಡಿ ಹತ್ತಿರ, ಏರಿಯ ಬುಡದಲ್ಲಿ. ಕೆಲಸ ಶುರು ಮಾಡುವ ಮೊದಲು ಕೆರೆ ನೀರು ಬಿಡುವ ಊರಿನ ನೀರುಗಂಟಿಯನ್ನು ಕೇಳಿದರೆ ಅವನೇ ತೋರಿಸುತ್ತಾನೆ. ಆದರೆ ಕೆಲಸ ಕೊಡುವವರು ಒಬ್ಬರೂ ಇದನ್ನು ನಮಗೆ ಹೇಳುವುದಿಲ್ಲ. ಕಾಗದದಲ್ಲಿ ಇಷ್ಟು ಹೂಳು ತೆಗೆಯಬೇಕು ಅಂತ ಇರುತ್ತದೆ. ಕಲ್ಲು ಸಿಕ್ಕರೆ ಏನು ಮಾಡಬೇಕು ಅಂತ ಒಂದು ಸಾಲು ಬರೆದರೆ ನಾವು ಖಂಡಿತ ಮಾಡುತ್ತೇವೆ.

ಕೆರೆಯೇರಿ ಅಣ್ಣ, ನಿಮ್ಮ ಮೋರಿಯ ಕಲ್ಲು ಎತ್ತಬೇಕಾದರೆ ಹೇಳಿ. ಡೀಸೆಲ್ ಖರ್ಚು ಕೊಟ್ಟರೆ ಸಾಕು.

ಮಾರಿಕುಪ್ಪಂ ಪ್ಯಾಸೆಂಜರ್, ಕೆಜಿಎಫ್:

ನಾನು ದಿನಾ ಬೆಳಿಗ್ಗೆ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಬರುವವನು. ಇದೆಲ್ಲ ರೈಲಲ್ಲೇ ಓದಿದೆ. ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಕ್ಷಮಿಸಿ.

ನಮ್ಮೂರಲ್ಲಿ ಸಾವಿರ ವರ್ಷದ ಕಲ್ಲು ಹುಡುಕುವುದಕ್ಕಿಂತ ನೂರು ವರ್ಷದ್ದು ಉಳಿಸುವುದು ಕಷ್ಟ. ಚಿನ್ನದ ಗಣಿ ನಡೆಸಲು ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ ಬಂದದ್ದು 1880ರಲ್ಲಿ. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು. ಬೆಂಗಳೂರಿಗೆ ದೀಪ ಬಂದದ್ದು ಅದಾಗಿ ಮೂರು ವರ್ಷಕ್ಕೆ. ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಜಾಸ್ತಿ ಆಳಕ್ಕೆ ಮನುಷ್ಯರು ಇಳಿದು ಕೆಲಸ ಮಾಡಿದ್ದಾರೆ. ಆ ಆಳ ಇದ್ದದ್ದಕ್ಕೇ 1965ರಲ್ಲಿ ನಮ್ಮ ಗಣಿಯೊಳಗೆ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಗುರುತು ಹಿಡಿದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅವತ್ತು ನನ್ನ ತಂದೆ ಮನೆಗೆ ಬಂದು ಹೆಲ್ಮೆಟ್ ಮೊಳೆಗೆ ನೇತುಹಾಕಿದರು. ಅದು ಇನ್ನೂ ಅಲ್ಲೇ ಇದೆ.

2024ರಲ್ಲಿ ಸೈನೈಡ್ ಗುಡ್ಡದ, ಅಂದರೆ ಚಿನ್ನ ತೆಗೆದು ಸುರಿದ ಗುಡ್ಡದ, ಮಣ್ಣಿನಿಂದ ಮತ್ತೆ ಚಿನ್ನ ತೆಗೆಯಲು ಒಪ್ಪಿಗೆ ಸಿಕ್ಕಿತು ಅಂತ ಸುದ್ದಿ ಬಂತಲ್ಲ, ನಮ್ಮ ಲೈನ್ ಮನೆಗಳಲ್ಲಿ ರಾತ್ರಿ ಯಾರೂ ಮಲಗಲಿಲ್ಲ. ಕೆಲಸ ಬರುತ್ತದೆ ಅಂತ ಖುಷಿ ಕೆಲವರಿಗೆ. ಧೂಳು ಏಳುತ್ತದೆ ಅಂತ ಭಯ ಕೆಲವರಿಗೆ. ನನಗೆ ಎರಡೂ ಇತ್ತು.

ನನ್ನ ತಾತ ಒಳಗೆ ಬಂಡೆ ಸಿಡಿದು ಸತ್ತವರು. ಮೇಷ್ಟ್ರು ಹೇಳಿದ ‘ನೆತ್ತರುಕೊಡಗೆ’ ಓದಿ ನನಗೆ ಅವರೇ ಕಣ್ಣ ಮುಂದೆ ಬಂದರು. ದನ ಕಾಯಲು ಹೋಗಿ ಸತ್ತವನಿಗೆ ಊರು ಕಲ್ಲು ನಿಲ್ಲಿಸಿತು, ಅವನ ಮಕ್ಕಳಿಗೆ ಹೊಲ ಕೊಟ್ಟಿತು. ನನ್ನ ತಾತನಿಗೆ ಕಲ್ಲಿಲ್ಲ. ಅವರ ಹೆಸರು ನಮ್ಮ ಮನೆಯ ರೇಷನ್ ಕಾರ್ಡಿನಲ್ಲಿ, ನನ್ನ ತಂದೆಯ ಹೆಸರಿನ ಹಿಂದೆ, ಒಂದು ಇನಿಷಿಯಲ್ ಆಗಿ ಉಳಿದಿದೆ.

ಪಿನಾಕಿನಿ, ಗೌರಿಬಿದನೂರು:

ಅಣ್ಣ, ನಿಮ್ಮ ತಾತನ ಹೆಸರು, ಸತ್ತ ವರ್ಷ, ಯಾವ ಶಾಫ್ಟು, ಎಲ್ಲ ಇವತ್ತೇ ಒಂದು ಕಾಗದದಲ್ಲಿ ಬರೆದಿಡಿ. ತಮಾಷೆಗೆ ಹೇಳುತ್ತಿಲ್ಲ. ಯಾಕೆ ಅಂದರೆ ನಮ್ಮ ವಿದುರಾಶ್ವತ್ಥದಲ್ಲಿ ಆದದ್ದು ಅದೇ.

1938ರ ಏಪ್ರಿಲ್ 25. ಮಂಡ್ಯ ಕಡೆಯ ಶಿವಪುರದ ಧ್ವಜ ಸತ್ಯಾಗ್ರಹ ಆಗಿ ಸುಮಾರು ಎರಡು ವಾರ ಆಗಿತ್ತು. ಜಾತ್ರೆಯ ಕಾಲ, ಜನ ಸೇರಿದ್ದರು. ಕಾಂಗ್ರೆಸ್ ಬಾವುಟ ಹಾರಿಸಬಾರದು ಅಂತ ತಡೆ ಇತ್ತು. ಪೊಲೀಸರು ಗುಂಡು ಹಾರಿಸಿದರು. ಸತ್ತವರು 32 ಜನ ಅಂತ ನಮ್ಮ ಕಡೆ ಹೇಳುತ್ತಾರೆ, ಸರ್ಕಾರದ ಲೆಕ್ಕ ಅದಕ್ಕಿಂತ ತುಂಬಾ ಕಡಿಮೆ ಇತ್ತು. ಯಾಕೆ ಹೀಗೆ ಅಂದರೆ, ಭಯಕ್ಕೆ ಎಷ್ಟೋ ಮನೆಯವರು ‘ನಮ್ಮವನು ಅಲ್ಲಿಗೆ ಹೋಗಿರಲೇ ಇಲ್ಲ’ ಅಂದುಬಿಟ್ಟರಂತೆ. ಇದು ನಮ್ಮಜ್ಜಿ ಹೇಳುತ್ತಿದ್ದ ಮಾತು. ಅದಾದ ಮೇಲೆ ಸರ್ದಾರ್ ಪಟೇಲರು, ಕೃಪಲಾನಿಯವರು ಮೈಸೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಜೊತೆ ಮಾತಾಡಿದರು. ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಅಂತಾಯಿತು.

ಊರಿಗೆ ಹೆಸರು ಕೊಟ್ಟ ಆ ಅಶ್ವತ್ಥ ಮರ 2001ರಲ್ಲಿ ಬಿತ್ತು. ನಿಮ್ಮ ಗಣಿ ಮುಚ್ಚಿದ ವರ್ಷವೇ, ಈಗ ಹೊಳೆಯಿತು. ಮರ ಬಿದ್ದ ಸುದ್ದಿ ಎಲ್ಲ ಕಡೆ ಬಂತು. ಅದರ ಹತ್ತಿರದಲ್ಲೇ ಸತ್ತವರಲ್ಲಿ ಯಾರ ಮನೆ ಯಾವ ಊರಲ್ಲಿದೆ ಅಂತ ಕೇಳಿದರೆ ಇವತ್ತು ಹೇಳುವವರು ಕಡಿಮೆ. ಅದಕ್ಕೇ ಹೇಳಿದೆ, ಬರೆದಿಡಿ.

ಹುಣಸೆತೋಪು, ಚಿಂತಾಮಣಿ:

ಮೇಷ್ಟ್ರೇ, ಅತ್ತೆಯನ್ನು ಕೇಳಿದೆ. ಆ ಗೆರೆಗಳು ಅಕ್ಷರ, ಅದರಲ್ಲಿ ಅವನ ಹೆಸರಿರುತ್ತದೆ ಅಂದೆ. ‘ಅವನ ಹೆಸರು ಅಂತ ಮೊದಲೇ ಹೇಳಿದ್ದರೆ ಅದರ ಮೇಲೆ ಹಚ್ಚುತ್ತಿದ್ದೆನಾ’ ಅಂತ ನನ್ನನ್ನೇ ಬೈದರು. ಈ ಮಂಗಳವಾರದಿಂದ ಪಾದಕ್ಕೆ ಮಾತ್ರ ಎಣ್ಣೆ. ಹಳೆಯದನ್ನು ಹೇಗೆ ತೆಗೆಯುವುದು ಹೇಳಿ.

ತಿಪಟೂರು ಮೇಷ್ಟ್ರು:

ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ನೀವಾಗಿ ಏನೂ ಕೆರೆಯಬೇಡಿ. ಆಸಿಡ್, ಸೋಪಿನ ಪುಡಿ ಬೇಡ. ಬರೀ ನೀರು, ಮೆತ್ತನೆಯ ನಾರಿನ ಬ್ರಷ್, ಅಷ್ಟರಲ್ಲಿ ಎಷ್ಟು ಹೋಗುತ್ತದೋ ಅಷ್ಟು. ಉಳಿದದ್ದು ಗೊತ್ತಿದ್ದವರು ಬಂದು ನೋಡಲಿ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡುತ್ತಾರೆ. ಕಣ್ಣಿಗೆ ಕಾಣದ ಗೆರೆಯೂ ಅದರಲ್ಲಿ ಬರುತ್ತದೆ.

ಕೆರೆಯೇರಿ, ಮುಳಬಾಗಿಲು ತಾಲ್ಲೂಕು:

ಇಷ್ಟು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಒಂದೊಂದನ್ನೂ ಎರಡು ಸಲ ಓದಿದೆ.

ಶನಿವಾರ ಊರಿಗೆ ಹೋಗಿದ್ದೆ. ನಮ್ಮ ನೀರುಗಂಟಿ ತಾತನಿಗೆ ಈಗ ಎಂಬತ್ತರ ಹತ್ತಿರ. ಅವರನ್ನು ಕರೆದುಕೊಂಡು ಮೋರಿ ಹತ್ತಿರ ಹೋದೆ. ಅವರು ಬಗ್ಗಿ ಒಳಗೆ ಕೈ ಹಾಕಿ ನೋಡಿ ‘ಇಲ್ಲೇ ಐತಪ್ಪ’ ಅಂದರು. ಕೆಳಗಿನ ಅರ್ಧ ಅದೇ ಮೋರಿಯ ಆ ಕಡೆ ಮುಖ ಕೆಳಗಾಗಿ ಬಿದ್ದಿದೆ. ಬಿಲ್ಲು ಕೈಗೆ ಸಿಕ್ಕಿತು. ಮುಖ ಕೆಳಗಿದ್ದದ್ದರಿಂದ ಸವೆದಿಲ್ಲ ಅನಿಸುತ್ತದೆ.

ನಾಲ್ಕು ವರ್ಷದ ಹಿಂದಿನ ಫೋಟೊ ಮೇಷ್ಟ್ರಿಗೆ ಕಳಿಸಿದ್ದೆ. ಫೋನ್ ಮಾಡಿದ್ದರು. ಲಿಪಿ ನೋಡಿದರೆ 10ನೇ ಶತಮಾನದ ಆಸುಪಾಸು ಇರಬೇಕು ಅಂದರು. ‘ತುಱು’ ಅನ್ನುವುದು, ‘ಕಾದಿ ಸತ್ತ’ ಅನ್ನುವುದು ಸ್ಪಷ್ಟ ಇದೆಯಂತೆ. ಅಂದರೆ ಹಸುಗಳಿಗಾಗಿ ಹೋರಾಡಿ ಸತ್ತವನು. ಹೆಸರು ಎರಡನೇ ಸಾಲಿನಲ್ಲಿದೆ. ಸಮ್ಮಟಿಗೆ ಬಿದ್ದಿರುವುದು ಸರಿಯಾಗಿ ಆ ಸಾಲಿಗೆ. ಫೋಟೊದಲ್ಲಿ ಆ ಜಾಗದ ಮೇಲೆ ನಾವೇ ಹಾಕಿದ ಹೂವಿದೆ.

ಹೂವು ಸರಿಸಿ ಒಂದು ಫೋಟೊ ತೆಗೆದಿದ್ದರೆ ಸಾಕಿತ್ತು.

ಪಂಚಾಯಿತಿಯವರ ಜೊತೆ ಮಾತಾಡಿದೆ. ಮೋರಿಗೆ ಎರಡು ಸಿಮೆಂಟ್ ಚಪ್ಪಡಿ ನಾನು ತಂದುಕೊಟ್ಟರೆ ಕಲ್ಲು ಬಿಡಿಸಿಕೊಳ್ಳಬಹುದು ಅಂದಿದ್ದಾರೆ. ಎಲ್ಲಿ ನಿಲ್ಲಿಸುವುದು ಅಂತ ಸಣ್ಣ ಜಗಳ ನಡೆಯಿತು. ಶಾಲೆ ಮುಂದೆ ಅಂತ ಕೆಲವರು. ಮ್ಯೂಸಿಯಂಗೆ ಕೊಡಿ ಅಂತ ಕೆಲವರು. ಹಲ್ಮಿಡಿಯವರ ಹತ್ತಿರ ಈಗ ಇರುವುದು ಶಾಸನದ ಪ್ರತಿರೂಪ, ನಿಜವಾದದ್ದು ಮೈಸೂರಿನಲ್ಲಿದೆ. ಅದು ಅಷ್ಟು ದೊಡ್ಡ ಶಾಸನ, ಸರಿ. ಬೆಂಗಳೂರಿನ ಹೆಬ್ಬಾಳದಲ್ಲಿ ಗಂಗ ಶ್ರೀಪುರುಷನ ಕಾಲದ ಕಿತ್ತಯ್ಯನ ಕಲ್ಲು ಸಿಕ್ಕಾಗ ಜನರೇ ಸೇರಿ ಅಲ್ಲೇ ಮಂಟಪ ಕಟ್ಟಿದರು. ನಾನು ಅದನ್ನೇ ಹೇಳಿದೆ. ಕೊನೆಗೆ ನೀರುಗಂಟಿ ತಾತ ಹೇಳಿದ ಜಾಗಕ್ಕೆ ಎಲ್ಲರೂ ಒಪ್ಪಿದರು. ತೂಬಿನ ಮೇಲೆ, ಏರಿಯ ಒಳಗಡೆ ಅಲ್ಲ, ಹೊರಗಡೆ. ಬೆಂಗಳೂರಿನಿಂದ ಶುದ್ಧ ಮಾಡಿ ಬಿಡುವ ಕೆ.ಸಿ. ವ್ಯಾಲಿ ನೀರು ಬಂದಾಗಿನಿಂದ ಕೆರೆ ತುಂಬಿದೆ, ಒಳಗಡೆ ಇಟ್ಟರೆ ಮತ್ತೆ ಮುಳುಗುತ್ತದೆ.

ಹಳದಿ ಗಾಡಿ ತಮ್ಮ, ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ಬರಲು ಆಗುತ್ತದಾ? ಬೆಲ್ಟ್, ಗೋಣಿ ತಗೊಂಡು ಬನ್ನಿ. ತಿಂಡಿ ನಮ್ಮ ಮನೆಯಲ್ಲಿ.

ಹಳದಿ ಗಾಡಿ, ಮಾಲೂರು:

ಬರುತ್ತೇನೆ ಅಣ್ಣ. ಒಡೆದ ಅಂಚಿನ ಚೂರುಗಳು ಮೋರಿ ಸುತ್ತ ಮಣ್ಣಿನಲ್ಲಿ ಇರುತ್ತವೆ. ಸಣ್ಣದನ್ನೂ ಎಸೆಯಬೇಡಿ. ಒಂದು ಜರಡಿ ಸಿಕ್ಕರೆ ತಂದಿಡಿ, ಮಣ್ಣು ಜರಡಿ ಹಿಡಿಯೋಣ. ಹೆಸರಿನ ಅಕ್ಷರ ಒಂದಾದರೂ ಸಿಗಬಹುದು.

ತಿಪಟೂರು ಮೇಷ್ಟ್ರು:

ನಾನೂ ಬರುತ್ತೇನೆ. ಶನಿವಾರ ರಾತ್ರಿಯೇ ಮುಳಬಾಗಿಲಿಗೆ ಬಂದಿರುತ್ತೇನೆ. ಟಾರ್ಚ್ ನನ್ನ ಹತ್ತಿರ ಇದೆ.